ಹೆಣದ ಪಾತ್ರಕ್ಕೆ ಮಾತು ಬಂದದ್ದು

ನನ್ನ ಗಂಡ ಸತ್ತದ್ದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ. ಈಜುಕೊಳದಲ್ಲಿ ತೇಲಿದ್ದಾರೆ, ಮಹಡಿಯಿಂದ ಬಿದ್ದಿದ್ದಾರೆ, ವಿಷ ಕುಡಿದಿದ್ದಾರೆ, ಗುಂಡು ತಿಂದಿದ್ದಾರೆ, ಒಮ್ಮೆಯಂತೂ ಸ್ವಂತ ಭಾವನೇ ಮುಖಕ್ಕೆ ದಿಂಬು ಒತ್ತಿ ಸಾಯಿಸಿದ್ದಾನೆ. ಸಾಯುವುದೆಲ್ಲ ಮುಗಿದ ಮೇಲೆ ಬಸ್ಸು ಹಿಡಿದು ಮನೆಗೆ ಬಂದು, ಕೈಕಾಲು ತೊಳೆದು, "ಊಟಕ್ಕೇನಿದೆ?" ಎನ್ನುತ್ತಾರೆ. ಟೆಲಿವಿಷನ್ ಧಾರಾವಾಹಿಗಳಲ್ಲಿ ಹೆಣವಾಗಿ ಮಲಗುವುದು ಅವರ ಕೆಲಸ. ನಮ್ಮ ಮದುವೆಯಾದ ಹೊಸದರಲ್ಲಿ ನನ್ನ ಅಕ್ಕ ಕೇಳಿದವರಿಗೆಲ್ಲ "ನಮ್ಮ ತಂಗಿಯ ಗಂಡ ಟಿವಿಯಲ್ಲಿದ್ದಾರೆ" ಎನ್ನುತ್ತಿದ್ದಳು. ಯಾವ ಪಾತ್ರ ಎಂದು ಕೇಳಿದರೆ ಮಾತು ಬದಲಿಸುತ್ತಿದ್ದಳು.

ಸ್ಟುಡಿಯೋದಲ್ಲಿ ಎಲ್ಲರೂ ಅವರನ್ನು ಮಲಗಣ್ಣ ಎಂದೇ ಕರೆಯುವುದು. ಮೊದಲು ಅವರು ಅಲ್ಲಿ ಸೆಟ್ಟಿನ ಗೋಡೆಗಳಿಗೆ ಬಣ್ಣ ಬಳಿಯುತ್ತಿದ್ದರು. ಒಂದು ದಿನ ಹೆಣವಾಗಿ ಮಲಗಿದ್ದ ನಟನಿಗೆ ಹೊಸ ಬಣ್ಣದ ವಾಸನೆಗೆ ಸೀನು ಹತ್ತಿಕೊಂಡಿತು. ಎಷ್ಟು ಸಲ ತೆಗೆದರೂ ಹೆಣ ಸೀನುತ್ತಲೇ ಇತ್ತಂತೆ. "ಬಣ್ಣ ಬಳಿದವನೇ ಬಂದು ಮಲಗಲಿ, ಅವನಿಗೆ ಅಭ್ಯಾಸ ಇರುತ್ತೆ" ಎಂದು ಯಾರೋ ಸಿಟ್ಟಿನಲ್ಲಿ ಅಂದರು. ನಮ್ಮವರು ಬ್ರಶ್ಶು ಕೆಳಗಿಟ್ಟು ಹೋಗಿ ಮಲಗಿದರು. ಅವತ್ತು ಮಲಗಿದ ಮನುಷ್ಯ ಇನ್ನೂ ಎದ್ದಿಲ್ಲ ಎಂದು ನಾನು ಆಡಿಕೊಳ್ಳುತ್ತಿರುತ್ತೇನೆ.

ನಾನು ಅದೇ ಸ್ಟುಡಿಯೋದ ಬಟ್ಟೆ ಕೋಣೆಯಲ್ಲಿ ಹೊಲಿಗೆಯವಳು. ಒಂದು ಕೊಲೆಗೆ ಒಂದೇ ಥರದ ಮೂರು ಅಂಗಿ ಬೇಕು. ಬದುಕಿರುವಾಗ ಹಾಕಿಕೊಳ್ಳುವುದು ಒಂದು, ಗುಂಡು ಬಿದ್ದ ತೂತಿನದು ಒಂದು, ರಕ್ತ ಒಣಗಿ ಗರಿಗರಿಯಾದದ್ದು ಒಂದು. ತೂತು ಕತ್ತರಿಸಿ ಅದರ ಅಂಚನ್ನು ಬೆಂಕಿಕಡ್ಡಿಯಿಂದ ಹದವಾಗಿ ಸುಡುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಅಂಗಿಯ ಅಳತೆ ತೆಗೆದುಕೊಳ್ಳಲು ಹೋಗಿಯೇ ನನಗೆ ಅವರ ಪರಿಚಯವಾದದ್ದು. ಟೇಪನ್ನು ಎದೆಗೆ ಸುತ್ತಿದರೆ ಆ ಮನುಷ್ಯ ಉಸಿರೇ ಆಡುತ್ತಿಲ್ಲ. "ಉಸಿರು ಬಿಡ್ರೀ, ಅಳತೆ ತಪ್ಪುತ್ತೆ" ಎಂದೆ. "ತಪ್ಪು ತಿಳ್ಕೋಬೇಡಿ, ಅಭ್ಯಾಸ ಆಗ್ಬಿಟ್ಟಿದೆ" ಎಂದರು. ನನಗೆ ತಡೆಯಲಾರದಷ್ಟು ನಗು ಬಂತು. ಆಮೇಲೆ ಏನಾಗಬೇಕಿತ್ತೋ ಅದಾಯಿತು.

ಹೆಣವಾಗುವುದು ಸುಲಭ ಎಂದುಕೊಂಡವರು ಒಮ್ಮೆ ಮಲಗಿ ನೋಡಲಿ. ಬೋರಲು ಮಲಗುವುದು ಪರವಾಗಿಲ್ಲ, ಬೆನ್ನು ಸ್ವಲ್ಪ ಅಲುಗಿದರೂ ಕೋಟು ಮುಚ್ಚಿಡುತ್ತದೆ. ಅಂಗಾತ ಮಲಗುವುದು ಕಷ್ಟ. ಕಣ್ಣು ತೆರೆದುಕೊಂಡು ಅಂಗಾತ ಮಲಗುವುದು ಎಲ್ಲಕ್ಕಿಂತ ಕಷ್ಟ. ಎದೆಯ ಮೇಲೆ ಬಿದ್ದು ಅಳುವ ನಟಿ ಅಲುಗಿದಾಗಲೆಲ್ಲ ಅವಳ ಅಲುಗಾಟದ ಜೊತೆಗೇ ಒಂದು ಗುಟುಕು ಉಸಿರು ಕದಿಯಬೇಕು. ಮೂಗಿನ ಮೇಲೆ ನೊಣ ಕೂತರೆ ಅದಕ್ಕೆ ಬೇಸರವಾಗಿ ಎದ್ದು ಹೋಗುವವರೆಗೂ ಕಾಯಬೇಕು. ಯಾರು ನಿಜವಾಗಿ ಅಳುತ್ತಾರೆ ಎಂಬುದು ನಮ್ಮವರಿಗೆ ಮಾತ್ರ ಗೊತ್ತು. ಕೆನ್ನೆಯ ಮೇಲೆ ಬಿಸಿಯಾಗಿ ಬಿದ್ದರೆ ಕಣ್ಣೀರು, ತಣ್ಣಗೆ ಬಿದ್ದರೆ ಗ್ಲಿಸರಿನ್. ದೊಡ್ಡ ದೊಡ್ಡ ಹೆಸರಿನವರ ಗ್ಲಿಸರಿನ್ ವಿಷಯ ಅವರ ಹೊಟ್ಟೆಯೊಳಗಿದೆ, ನನ್ನ ಹತ್ತಿರ ಕೂಡ ಬಾಯಿ ಬಿಟ್ಟಿಲ್ಲ.

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ. ನಮ್ಮವರು ಬಾಯಿ ಮುಚ್ಚಿಕೊಂಡೇ ಬದುಕಿದರು. ಇಷ್ಟು ವರ್ಷಗಳಲ್ಲಿ ಒಂದು ಮಾತು ಹಾಗಿರಲಿ, ಒಂದು ನರಳಾಟ ಕೂಡ ಟಿವಿಯಲ್ಲಿ ಅವರ ಬಾಯಿಂದ ಬಂದಿರಲಿಲ್ಲ. ಸಾಯುವ ದೃಶ್ಯ ಬೇರೆಯವರದು, ಸತ್ತ ಮೇಲಿನದು ಇವರದು. ಅದರಿಂದ ನನಗೇನೂ ಬೇಸರವಿರಲಿಲ್ಲ. ಬೇಸರವಿದ್ದದ್ದು ನಮ್ಮ ಅತ್ತೆಗೆ.

ಅತ್ತೆ ದುಡಿಯುವ ಕಾಲದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಒಬ್ಬರ ಲೈನಿಗೆ ಇನ್ನೊಬ್ಬರದನ್ನು ಜೋಡಿಸುತ್ತ ಆಯುಷ್ಯ ಕಳೆದಿದ್ದಾರೆ. ಅವರಿಗೆ ಮನುಷ್ಯ ಎಂದರೆ ದನಿ. ಒಮ್ಮೆ ಕೇಳಿದ ದನಿಯನ್ನು ಮರೆತದ್ದಿಲ್ಲ. ನಿವೃತ್ತಿಯಾದ ಮೇಲೆ ಕಣ್ಣು ಮಂಜಾಗುತ್ತ ಬಂದು, ಈಗ ಬೆಳಕು ಕತ್ತಲೆಯ ವ್ಯತ್ಯಾಸ ಬಿಟ್ಟರೆ ಬೇರೇನೂ ತಿಳಿಯುವುದಿಲ್ಲ. ಅದಕ್ಕಾಗಿ ಅವರು ಗೋಳಾಡಿದ್ದನ್ನು ನಾನು ಕಂಡಿಲ್ಲ. ಗೋಳಾಡಿದ್ದು ಒಂದೇ ವಿಷಯಕ್ಕೆ.

ನಮ್ಮವರು ಮಲಗಿದ ಧಾರಾವಾಹಿ ಬಂದಾಗಲೆಲ್ಲ ಅತ್ತೆ ಟಿವಿಗೆ ಕಿವಿ ಕೊಟ್ಟು ಕೂರುತ್ತಿದ್ದರು.

"ಬಂದನೇನೇ?"

"ಬಂದ್ರು ಅತ್ತೆ. ಮೆಟ್ಟಿಲ ಹತ್ರ ಮಲಗಿದಾರೆ."

"ಈಗ?"

"ಈಗಲೂ ಅಲ್ಲೇ."

"ಏನಾದ್ರೂ ಅಂದನಾ?"

"ಹೆಣ ಏನನ್ನುತ್ತೆ ಅತ್ತೆ!"

"ಎಲ್ಲರ ಸದ್ದೂ ಬರುತ್ತೆ, ಇವನೊಬ್ಬಂದೇ ಲೈನ್ ಸಿಗಲ್ಲ" ಎಂದು ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದರು. ಆಮೇಲೆ ಎಂದಿನ ಮಾತು. "ಒಂದೇ ಒಂದ್ಸಲ ಇವನ ದನಿ ಟಿವಿಯಲ್ಲಿ ಕೇಳಿದ್ರೆ ಸಾಕು ಕಣೇ. ಆಮೇಲೆ ನನ್ನ ಕಿವಿನೂ ಹೋಗ್ಲಿ." ಮೊದಮೊದಲು ಇದನ್ನು ಮುದುಕಿಯ ಹಟ ಎಂದುಕೊಂಡಿದ್ದೆ. ಅಕ್ಕಪಕ್ಕದ ಮನೆಯವರ ಮುಂದೆ ಜಂಬ ಕೊಚ್ಚಿಕೊಳ್ಳುವ ಆಸೆ ಇರಬೇಕು ಎಂದೂ ಅಂದುಕೊಂಡಿದ್ದೆ. ನಮ್ಮವರು ಮಾತ್ರ ಆ ಮಾತು ಕೇಳಿದಾಗಲೆಲ್ಲ ಎದ್ದು ಬಾಲ್ಕನಿಗೆ ಹೋಗಿ ನಿಲ್ಲುತ್ತಿದ್ದರು. ಅವರ ಮನಸ್ಸಿನಲ್ಲಿ ಅದು ಚುಚ್ಚುತ್ತಿತ್ತು.

ಹೀಗಿರುವಾಗ "ಎರಡನೇ ಹೇಳಿಕೆ" ಎಂಬ ಧಾರಾವಾಹಿ ಶುರುವಾಯಿತು. ಡೈರೆಕ್ಟರ್ ಮೇಡಂ ಬಟ್ಟೆ ಕೋಣೆಗೆ ಬಂದು ಕಥೆ ಹೇಳಿದಾಗ ನಾನು ಇಸ್ತ್ರಿ ಪೆಟ್ಟಿಗೆಯನ್ನು ಬಟ್ಟೆಯ ಮೇಲೆಯೇ ಮರೆತು ಒಂದು ಪ್ಯಾಂಟು ಸುಟ್ಟೆ. ಅಂಥ ಕಥೆ. ಒಬ್ಬ ಇನ್ಸ್‌ಪೆಕ್ಟರ್ ಕೆಲಸದಲ್ಲಿರುವಾಗಲೇ ಗುಂಡೇಟಿಗೆ ಸಾಯುತ್ತಾನೆ. ಕಣ್ಣು ಬಿಟ್ಟರೆ ಪರಲೋಕದಲ್ಲೂ ಒಂದು ಪೊಲೀಸ್ ಠಾಣೆ. ಕೊಲೆಯಾದವರೆಲ್ಲ ಮೊದಲು ಅಲ್ಲಿಗೇ ಬರಬೇಕು, ಹೇಳಿಕೆ ಕೊಡಬೇಕು. ಬದುಕಿದ್ದಾಗ ಕೊಟ್ಟಿದ್ದರೆ ಅದು ಮೊದಲನೇ ಹೇಳಿಕೆ, ಇದು ಎರಡನೆಯದು. ಇನ್ಸ್‌ಪೆಕ್ಟರ್ ಅದನ್ನು ಕೇಳಿಸಿಕೊಂಡು, ಭೂಮಿಯ ಮೇಲಿರುವ ತನ್ನ ಹಳೆಯ ಜೊತೆಗಾರನಿಗೆ ಹೇಗೋ ಸುಳಿವು ಕೊಡುತ್ತಾನೆ. ಕೊಲೆಗಾರ ಸಿಕ್ಕಿದ ಮೇಲೆ ಠಾಣೆಯ ಹಿಂದಿನ ಬಾಗಿಲು ತೆರೆಯುತ್ತದೆ, ಸತ್ತವರು ಆಚೆ ಹೋಗುತ್ತಾರೆ. ಅಲ್ಲಿಯವರೆಗೆ ಬೆಂಚಿನ ಮೇಲೆ ಕೂತು ಕಾಯಬೇಕು.

"ಅಂದ್ರೆ ಮೇಡಂ, ಹೆಣ ಎದ್ದು ಮಾತಾಡುತ್ತಾ?" ಎಂದು ನಾನು ಕೇಳಿದೆ.

"ಅದೇ ಅಲ್ವಾ ಇಡೀ ಕಥೆ!"

ನಾನು ಆವತ್ತು ಮನೆಗೆ ಎದ್ದೆನೋ ಬಿದ್ದೆನೋ ಎಂದು ಓಡಿದೆ. ಅತ್ತೆಗೆ ಹೇಳಿದೆ. ಅತ್ತೆಯ ಪ್ರಶ್ನೆಗಳು ಅಲ್ಲಿಂದ ಶುರುವಾದವು, ನಮ್ಮ ತಲೆ ತಿಂದುಬಿಟ್ಟರು. ಆ ಠಾಣೆಯಲ್ಲಿ ಫ್ಯಾನ್ ಇದೆಯಾ? ಸತ್ತವರಿಗೆ ಸೆಕೆ ಆಗುತ್ತಾ? ಕನ್ನಡಕ ಹಾಕಿಕೊಂಡು ಸತ್ತವನಿಗೆ ಅಲ್ಲೂ ಕನ್ನಡಕ ಬೇಕಾ? ಕುರುಡರು ಅಲ್ಲಿಗೆ ಹೋದರೆ ಅವರಿಗೆ ಕಣ್ಣು ಬರುತ್ತಾ, ಇಲ್ಲಾ ಅಲ್ಲೂ ಯಾರಾದರೂ ಕೈ ಹಿಡಿದುಕೊಂಡು ಓಡಾಡಿಸಬೇಕಾ? ಈ ಕೊನೆಯ ಪ್ರಶ್ನೆಯನ್ನು ನಾನು ಡೈರೆಕ್ಟರ್ ಮೇಡಂಗೆ ಹೇಳಿದೆ. ಅವರು ತುಂಬ ಹೊತ್ತು ಪೆನ್ನು ಕಚ್ಚುತ್ತ ಕೂತು, "ಗೊತ್ತಿಲ್ಲಪ್ಪ" ಎಂದರು. ನನಗೂ ಕುತೂಹಲ ಹತ್ತಿಕೊಂಡಿತು. ರಕ್ತದ ಅಂಗಿ ಹೊಲಿಯುವಾಗೆಲ್ಲ, ಇದನ್ನು ಹಾಕಿಕೊಂಡು ಆ ಕಡೆ ಹೋದವನು ಅಂಗಿ ಬದಲಿಸುತ್ತಾನೋ ಇಲ್ಲವೋ ಎಂದು ಯೋಚಿಸುತ್ತಿದ್ದೆ.

ಮೊದಲ ಕೆಲವು ಕಂತುಗಳಲ್ಲಿ ಸಾಯುವವರೆಲ್ಲ ಹೆಸರಾಂತ ನಟರೇ ಇದ್ದರು. ನಮ್ಮವರು ಎಂದಿನಂತೆ ಅವರ ಬದಲಿಗೆ ಹೆಣವಾಗಿ ಮಲಗಿದರು, ಆತ್ಮವಾಗಿ ಎದ್ದು ಮಾತಾಡಿದ್ದು ನಟರು. ಆಮೇಲೆ ಬೀಗ ರಿಪೇರಿ ಮಾಡುವವನೊಬ್ಬನ ಕೊಲೆಯ ಕಥೆ ಬಂತು. ಅದಕ್ಕೆ ಗೊತ್ತಾಗಿದ್ದ ನಟ ಬೇರೆ ಕಡೆ ಒಳ್ಳೆ ಪಾತ್ರ ಸಿಕ್ಕಿತೆಂದು ಕೈ ಎತ್ತಿದ. ಮೇಡಂ ಸೆಟ್ಟಿನಲ್ಲಿ ಸುತ್ತ ನೋಡಿದರು. ನೆಲದ ಮೇಲೆ ನಮ್ಮವರು ಮಲಗಿದ್ದರು.

"ಮಲಗಣ್ಣ, ನೀವೇ ಮಾಡಿಬಿಡಿ. ಚಿಕ್ಕ ಹೇಳಿಕೆ. ಬೆಂಚಲ್ಲಿ ಕೂತು ಹೇಳೋದು ಅಷ್ಟೇ."

ಆವತ್ತು ಮನೆಗೆ ಬಂದವರು ಊಟಕ್ಕೇನಿದೆ ಎಂದು ಕೇಳಲಿಲ್ಲ. ನೇರವಾಗಿ ಅಮ್ಮನ ಮುಂದೆ ಹೋಗಿ ಕೂತು, "ಅಮ್ಮ, ನನಗೆ ಮಾತು ಕೊಟ್ಟಿದಾರೆ" ಎಂದರು. ಅತ್ತೆ ಮಗನ ಮುಖದ ಮೇಲೆ ಕೈ ಆಡಿಸಿ, ತುಟಿಯ ಹತ್ತಿರ ಬೆರಳು ನಿಲ್ಲಿಸಿದರು. ನನಗೆ ಅಳು ಬಂದು ಒಳಗೆ ಹೋದೆ.

ಒಂದು ವಾರ ನಮ್ಮ ಮನೆಯಲ್ಲಿ ಬೀಗದವನದೇ ರಾಜ್ಯ. ಹಲ್ಲುಜ್ಜುವಾಗ ಹೇಳಿಕೆ, ಬಸ್ಸಿನಲ್ಲಿ ಹೇಳಿಕೆ. ಮಾತುಗಳು ನನಗೇ ಬಾಯಿಪಾಠವಾದವು. ಮನೆಯಲ್ಲಿ ನೀರು ಕುಡಿದ ಹಾಗೆ ಹೇಳುತ್ತಿದ್ದರು. ಶೂಟಿಂಗಿನ ದಿನ ನಾನು ಸೂಜಿದಾರ ಹಿಡಿದುಕೊಂಡೇ ಸೆಟ್ಟಿಗೆ ಹೋಗಿ ಕಂಬದ ಮರೆಯಲ್ಲಿ ನಿಂತೆ. ಉದ್ದನೆಯ ಬೆಂಚು, ಮುಂದೆ ಕೌಂಟರ್, ಕೌಂಟರಿನ ಹಿಂದೆ ಇನ್ಸ್‌ಪೆಕ್ಟರ್ ವೇಷದ ಹೀರೋ, ಅವನ ಹಿಂದೆ ಬೆಳ್ಳಗೆ ಬೆಳಕು ಚೆಲ್ಲುವ ಬಾಗಿಲು. ನಮ್ಮವರು ನಾನು ಹೊಲಿದ ಅಂಗಿ ಹಾಕಿಕೊಂಡು ಬೆಂಚಿನ ಮೇಲೆ ಕೂತಿದ್ದರು.

ಮೇಡಂ "ಆಕ್ಷನ್" ಎಂದರು.

ನಮ್ಮವರು ಸತ್ತರು. ಬೇರೆ ಮಾತೇ ಇಲ್ಲ, ಕೂತಲ್ಲೇ ಸತ್ತುಹೋದರು. ಕತ್ತು ವಾಲಿತು, ಉಸಿರು ನಿಂತಿತು, ಕಣ್ಣು ಗಾಜಿನಂತಾಯಿತು. ಹೀರೋ ಪ್ರಶ್ನೆ ಕೇಳಿದ. ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ. ಮೇಡಂ "ಕಟ್" ಎಂದದ್ದೇ ತಡ, ನಮ್ಮವರಿಗೆ ಜೀವ ಬಂದು, "ಸಾರ್, ನಾನು ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದೆ" ಎಂದು ಹೇಳಿಕೆ ಶುರುಮಾಡಿದರು.

ಎಲ್ಲರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಪಾಪ, ಅವರ ತಪ್ಪೇನು? ಆಕ್ಷನ್ ಎಂದರೆ ಸಾಯಿ, ಕಟ್ ಎಂದರೆ ಉಸಿರಾಡು. ಇಷ್ಟು ವರ್ಷ ಅವರ ಮೈ ಕಲಿತದ್ದು ಇದೊಂದೇ ಪಾಠ. ಮತ್ತೊಮ್ಮೆ ತೆಗೆದರು, ಮತ್ತೆ ಸತ್ತರು. ಮೇಡಂ "ಆಕ್ಷನ್ ಅನ್ನಲ್ಲ, ಕೈ ತೋರಿಸ್ತೀನಿ" ಎಂದರು. ಕೈ ತೋರಿಸಿದರೂ ಸತ್ತರು. ಕ್ಯಾಮೆರಾದ ಕೆಂಪು ದೀಪಕ್ಕೆ ಕಪ್ಪು ಪಟ್ಟಿ ಅಂಟಿಸಿದರು. ಆ ಪಟ್ಟಿಯನ್ನು ನೋಡಿಯೂ ಸತ್ತರು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ಕಲಿತ ಗುಣವೂ ಹಾಗೆಯೇ ಎಂದು ನನಗೆ ಆವತ್ತು ಗೊತ್ತಾಯಿತು.

ಕೊನೆಗೆ ಮೇಡಂಗೆ ಒಂದು ಉಪಾಯ ಹೊಳೆಯಿತು. ಉಲ್ಟಾ ಹೇಳುವುದು. "ಕಟ್" ಎಂದರೆ ಇವರು ಮಾತಾಡಬೇಕು. ಹಾಗೇ ಮಾಡಿದರು. ಮೇಡಂ "ಕಟ್" ಎಂದು ಕೂಗಿದರು, ನಮ್ಮವರು ಬಾಯಿ ತೆರೆದರು. ಎಂಥ ಹೇಳಿಕೆ ಅಂತೀರಿ! ಸೆಟ್ಟಿನಲ್ಲಿ ಒಂದು ಕೆಮ್ಮಿಲ್ಲ. ಮುಗಿದ ಮೇಲೆ ಮೇಡಂ ಕಣ್ಣೊರೆಸಿಕೊಳ್ಳುತ್ತ ಕ್ಯಾಮೆರಾದವನ ಕಡೆ ತಿರುಗಿದರು. ಅವನು ಪೆಚ್ಚುಮೋರೆ ಹಾಕಿಕೊಂಡು ನಿಂತಿದ್ದ. ಕಟ್ ಎಂದ ಕೂಡಲೇ ಅವನ ಬೆರಳು ತಾನಾಗಿಯೇ ಗುಂಡಿ ಒತ್ತಿ ಕ್ಯಾಮೆರಾ ನಿಲ್ಲಿಸಿಬಿಟ್ಟಿತ್ತು! ಮೇಡಂ ಅವನಿಗೆ ಮಾಡಿದ ಮಂಗಳಾರತಿಯನ್ನು ಇಲ್ಲಿ ಬರೆಯುವ ಹಾಗಿಲ್ಲ.

ಆಮೇಲೆ ಕೆಲಸ ಸಾಧಿಸಿದ್ದು ಹೀರೋ. ಮೇಡಂ ಚಹಾಕ್ಕೆ ಬಿಡುವು ಕೊಟ್ಟ ಹಾಗೆ ಮಾಡಿದರು. ಕ್ಯಾಮೆರಾ ಸುಮ್ಮನೆ ಓಡುತ್ತಿತ್ತು. ಹೀರೋ ಕೌಂಟರಿನ ಮೇಲೆ ಮೊಣಕೈ ಊರಿ, ನಿಧಾನವಾಗಿ, "ಹೇಳಿ, ಏನಾಯ್ತು ನಿಮಗೆ?" ಎಂದ. ನಮ್ಮವರು ಅವನ ಮುಖ ನೋಡಿದರು. ಶೂಟಿಂಗೋ ಮಾತುಕತೆಯೋ ಅವರಿಗೆ ತಿಳಿದಿತ್ತೋ ಇಲ್ಲವೋ, ಈವರೆಗೂ ನನಗೆ ಹೇಳಿಲ್ಲ.

"ಸಾರ್, ನಾನು ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದೆ. ಕೈಯಲ್ಲಿ ಕೆಲಸ ಇತ್ತು. ಯಾರೋ ಬಂದ ಸದ್ದಾಯ್ತು. ಗಿರಾಕಿ ಅಂದ್ಕೊಂಡೆ. ಕೂತ್ಕೊಳ್ಳಿ, ಒಂದು ನಿಮಿಷ ಅಂದೆ. ಸಾರ್, ಅವನಿಗೆ ನಾನು ಸ್ಟೂಲ್ ಕೂಡ ತೋರಿಸಿದೆ. ಆಮೇಲೆ ತಿರುಗಿ ನೋಡೋಕೆ ಆಗ್ಲಿಲ್ಲ. ಅಂಗಡಿ ಹಾಗೇ ತೆರೆದಿದೆ ಸಾರ್. ಯಾರಾದ್ರೂ ಮುಚ್ಚಿದ್ರಾ?"

ಅಷ್ಟೇ ಹೇಳಿಕೆ. ಚಿತ್ರೀಕರಣವಾಯಿತು. ಮುಂದಿನ ವಾರ ಪ್ರಸಾರ.

ಆದರೆ ಅಷ್ಟರಲ್ಲಿ ಸ್ಟುಡಿಯೋದಲ್ಲಿ ಗುಸುಗುಸು ಶುರುವಾಗಿತ್ತು. ಊಟದ ಹೊತ್ತಿನಲ್ಲಿ ಸತ್ತವರ ಸಾಲು ನೋಡಲು ಜನಕ್ಕೆ ಇಷ್ಟವಿಲ್ಲವಂತೆ. ಮಕ್ಕಳ ಸೋಪಿನವರು ಜಾಹೀರಾತು ಹಿಂದಕ್ಕೆ ತೆಗೆದುಕೊಂಡರಂತೆ, ಪರಲೋಕದ ಪಕ್ಕದಲ್ಲಿ ನಮ್ಮ ಮಗು ನಗಬಾರದು ಎಂದರಂತೆ. ಒಂದೊಂದು ದಿನ ಒಂದೊಂದು ಸುದ್ದಿ. ನಾನು ಕಿವಿಯಲ್ಲಿ ಹತ್ತಿ ಇಟ್ಟುಕೊಂಡವಳಂತೆ ಓಡಾಡಿದೆ. ಒಂದು ವಾರ, ಇನ್ನೊಂದೇ ವಾರ ಇದು ಉಸಿರು ಹಿಡಿದುಕೊಂಡಿದ್ದರೆ ಸಾಕು, ಆಮೇಲೆ ಏನಾದರೂ ಆಗಲಿ ಎಂದು ಬೇಡಿಕೊಂಡೆ.

ಆ ಸಂಜೆ ಅತ್ತೆ ತಲೆ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟುಕೊಂಡು ಟಿವಿಯ ಮುಂದೆ ಕೂತರು. ಪಕ್ಕದ ಮನೆಯವರು, ಮೇಲಿನ ಮನೆಯವರು, ನನ್ನ ಅಕ್ಕ, ಎಲ್ಲರೂ ಬಂದಿದ್ದರು. ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನಮ್ಮವರು ಬಾಗಿಲ ಹತ್ತಿರ ನಿಂತಿದ್ದರು. ಸರಿಯಾದ ಹೊತ್ತಿಗೆ ಟಿವಿಯಲ್ಲಿ ಡಂಗ್ ಎಂದು ಗಂಟೆ ಬಾರಿಸಿತು. ಒಬ್ಬಳು ಏಪ್ರನ್ ಕಟ್ಟಿಕೊಂಡು ಬಂದು ಈರುಳ್ಳಿ ಹುರಿಯತೊಡಗಿದಳು. ಹೊಸ ಅಡುಗೆ ಸ್ಪರ್ಧೆ. ಒಂದು ಮಾತು ಹೇಳದೆ ಕೇಳದೆ ಧಾರಾವಾಹಿಯನ್ನು ಎತ್ತಿಬಿಟ್ಟಿದ್ದರು.

ಅತ್ತೆ ಕಿವಿ ನೆಟ್ಟಗೆ ಮಾಡಿಕೊಂಡು ಕೇಳುತ್ತಿದ್ದರು. "ಏನೋ ಹುರೀತಿದಾರಲ್ಲೇ" ಎಂದರು. "ಪರಲೋಕದಲ್ಲಿ ಅಡುಗೆಮನೆನೂ ಇದೆಯಾ?"

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದನ್ನು ಕೇಳಿದ್ದೆ. ಆವತ್ತು ನಮ್ಮ ಹಾಲಿನಲ್ಲಿ ಅದನ್ನು ಕಣ್ಣಾರೆ ನೋಡಿದೆ. ನಮ್ಮವರು ಅಮ್ಮನಿಗೆ ವಿಷಯ ಹೇಳಿ, ಬಂದವರನ್ನೆಲ್ಲ ಬಾಗಿಲವರೆಗೆ ಬಿಟ್ಟು, ಕ್ಷಮೆ ಬೇರೆ ಕೇಳಿದರು. ಅದೇ ನನಗೆ ಮೈ ಉರಿದದ್ದು. ತಪ್ಪು ಮಾಡಿದವರು ಯಾರೋ, ಕ್ಷಮೆ ಕೇಳುವವರು ಇವರು. ಹೆಣದಂತೆ ಬಿದ್ದುಕೊಂಡಿದ್ದರೆ ಜನ ತುಳಿದುಕೊಂಡೇ ಹೋಗುತ್ತಾರೆ ಎಂದು ಕೂಗಾಡಿದೆ.

ಮಾರನೆಯ ದಿನ ನಾನೇ ಎಡಿಟರ್ ಕೋಣೆಗೆ ನುಗ್ಗಿದೆ. ಎಡಿಟರ್ ಒಳ್ಳೆಯ ಮನುಷ್ಯ, ಆದರೆ ಕೂತು ಕೂತು ಪ್ರತಿ ವರ್ಷ ಹೊಟ್ಟೆ ಮುಂದಕ್ಕೆ ಬರುತ್ತದೆ. ಅವನ ಪ್ಯಾಂಟುಗಳ ಸೊಂಟ ಬಿಚ್ಚಿ ಅಗಲ ಮಾಡಿಕೊಡುವವಳು ನಾನು.

"ನಮ್ಮ ಅತ್ತೆಗೆ ಆ ಹೇಳಿಕೆ ಕೇಳಿಸಬೇಕು" ಎಂದೆ.

"ಅಕ್ಕಾ, ಪ್ರಸಾರ ಆಗದೇ ಇರೋದನ್ನ ಹೊರಗಿನವರಿಗೆ ತೋರಿಸೋ ಹಾಗಿಲ್ಲ."

"ತೋರಿಸು ಅಂದ್ನಾ? ಅವರಿಗೆ ಕಣ್ಣೇ ಕಾಣಲ್ಲ. ಕೇಳಿಸು ಅಂದೆ. ಇಲ್ಲಾಂದ್ರೆ ಮುಂದಿನ ವರ್ಷ ನಿನ್ನ ಸೊಂಟಕ್ಕೆ ಹಗ್ಗ ಕಟ್ಟಿಕೋ."

ಎರಡು ದಿನ ಬಿಟ್ಟು ಮಧ್ಯಾಹ್ನ ಬರಲು ಹೇಳಿದ. ನಾವು ಮೂವರೂ ಹೋದೆವು. ಎಡಿಟಿಂಗ್ ಕೋಣೆ ಒಂದು ದೊಡ್ಡ ಕಪಾಟಿನಷ್ಟು ಇತ್ತು. ತಮ್ಮ ಸಾಮಾನು ಕಟ್ಟಿಕೊಂಡು ಹೋಗಲು ಬಂದಿದ್ದ ಡೈರೆಕ್ಟರ್ ಮೇಡಂ ಕೂಡ ಅಲ್ಲಿಗೆ ಬಂದು ಗೋಡೆಗೆ ಒರಗಿ ನಿಂತರು. ಎಡಿಟರ್ ತನ್ನ ಹೆಡ್‌ಫೋನನ್ನು ಅತ್ತೆಗೆ ಕೊಟ್ಟ. ಅತ್ತೆ ಅದನ್ನು ಒಮ್ಮೆ ತಡವಿ, ಯಾರ ಸಹಾಯವೂ ಇಲ್ಲದೆ ಕಿವಿಗೆ ಸಿಕ್ಕಿಸಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತರು. ಒಂದು ಕ್ಷಣ ನನಗೆ ಅವರು ಎಕ್ಸ್‌ಚೇಂಜಿನ ಕುರ್ಚಿಯಲ್ಲಿ ಕೂತಂತೆ ಕಂಡಿತು.

ಎಡಿಟರ್ ಗುಂಡಿ ಒತ್ತಿದ. ಪರದೆಯ ಮೇಲೆ ನಮ್ಮವರ ತುಟಿ ಅಲುಗುವುದು ನಮಗೆ ಕಾಣುತ್ತಿತ್ತು, ದನಿ ಅತ್ತೆಗೆ ಮಾತ್ರ. ಅವರ ಮುಖವನ್ನೇ ನೋಡುತ್ತ ನಿಂತೆವು. ಮೊದಲು ತುಟಿಯ ತುದಿಯಲ್ಲಿ ನಗು ಬಂತು. "ಇವನೇ, ಇವನದೇ ದನಿ" ಎಂದರು. ಆಮೇಲೆ ನಗು ಹೋಯಿತು. ಮುಗಿದ ಮೇಲೂ ಹೆಡ್‌ಫೋನ್ ತೆಗೆಯಲಿಲ್ಲ.

"ಮುಂದೆ?" ಎಂದರು.

"ಮುಂದೆ ಇಲ್ಲಮ್ಮ, ಅಷ್ಟೇ" ಎಂದ ಎಡಿಟರ್.

"ಅಂಗಡಿ ಮುಚ್ಚಿದ್ರಾ ಅಂತ ಕೇಳ್ತಿದಾನೆ. ಯಾರೂ ಉತ್ತರ ಕೊಡ್ತಿಲ್ಲ."

"ಅದು ಮುಂದಿನ ಕಂತಲ್ಲಿ ಬರಬೇಕಿತ್ತು. ಶೂಟಿಂಗೇ ಆಗ್ಲಿಲ್ಲ."

"ಕೊಂದೋನು ಸಿಗಲಿಲ್ವಾ?"

ಮೇಡಂ ಗೋಡೆ ಬಿಟ್ಟು ಮುಂದೆ ಬಂದರು. "ಯಾರು ಕೊಂದಿದ್ದು ಅಂತ ನಾನಿನ್ನೂ ಬರೆದೇ ಇರ್ಲಿಲ್ಲಮ್ಮ."

ಅತ್ತೆ ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡರು. "ಅಂದ್ರೆ ಬಾಗಿಲೂ ತೆರೆಯಲ್ಲ. ಇವನು ಆ ಬೆಂಚಲ್ಲೇ ಕೂತಿರ್ತಾನೆ" ಎಂದರು. ಆಮೇಲೆ ಅವರ ದನಿ ಏರಿತು. ಅಷ್ಟು ವರ್ಷಗಳಲ್ಲಿ ನಾನು ಆ ದನಿ ಕೇಳಿರಲಿಲ್ಲ. "ನಾನು ಅಷ್ಟು ವರ್ಷ ಕೆಲಸ ಮಾಡಿದೀನಿ. ಒಬ್ಬರನ್ನೂ ಲೈನಲ್ಲಿ ಕಾಯಿಸಿ ಎದ್ದು ಹೋದವಳಲ್ಲ. ನೀವು ನನ್ನ ಮಗನ್ನ ಹೋಲ್ಡ್ ಮಾಡಿ, ದೀಪ ಆರಿಸಿ ಮನೆಗೆ ಹೋಗ್ಬಿಟ್ರಾ?"

ಮೇಡಂ ತಲೆ ತಗ್ಗಿಸಿದರು. ನಮ್ಮವರು ಅಮ್ಮನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಕೈ ಹಿಡಿದುಕೊಂಡರು. "ಅಮ್ಮ, ನಾನು ಇಲ್ಲೇ ಇದೀನಲ್ಲ."

"ನೀನಿದೀಯ ಕಣೋ. ಅವನು?"

ಮನೆಗೆ ಬರುವಾಗ ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ನಾನು ನನಗೇ ಬೈದುಕೊಂಡೆ. ಒಳ್ಳೆಯದು ಮಾಡಲು ಹೋಗಿ ಮುದುಕಿಯ ನೆಮ್ಮದಿ ಕೆಡಿಸಿದೆನಲ್ಲ ಎನಿಸಿತು.

ಆಮೇಲೆ ಅತ್ತೆಗೆ ಊಟ ಸೇರಲಿಲ್ಲ. ಟಿವಿ ಹಾಕಲು ಬಿಡಲಿಲ್ಲ. ನಮ್ಮವರು ಬೇರೊಂದು ಧಾರಾವಾಹಿಯಲ್ಲಿ ಸಾಯಲು ಹೋಗಬೇಕಿತ್ತು, ಮೈ ಸರಿಯಿಲ್ಲ ಎಂದು ಹೇಳಿ ಹೋಗಲಿಲ್ಲ. ಕೊಲೆಗಾರ ಯಾರು ಎಂದು ಏನಾದರೊಂದು ಕಥೆ ಕಟ್ಟಿ ಹೇಳಿಬಿಡಿ ಎಂದು ನಾನು ಅವರ ಕಿವಿಯಲ್ಲಿ ಊದಿದೆ. ಎದುರು ಅಂಗಡಿಯವನು ಎನ್ನಿ, ಬಡ್ಡಿಯವನು ಎನ್ನಿ, ಯಾರಾದರೇನು? "ಅಮ್ಮನ ಕಿವಿಗೆ ಸುಳ್ಳು ಗೊತ್ತಾಗುತ್ತೆ" ಎಂದರು.

ಭಾನುವಾರ ಬೆಳಿಗ್ಗೆ ನಾನು ಅಂಗಿಗೆ ಗುಂಡಿ ಹಾಕುತ್ತಿದ್ದೆ, ನಮ್ಮವರು ಕಿಟಕಿಯ ಚೌಕಟ್ಟಿಗೆ ಬಣ್ಣ ಹಚ್ಚುತ್ತಿದ್ದರು. ಹಾಲಿನಲ್ಲಿ ಕೂತಿದ್ದ ಅತ್ತೆ ಇದ್ದಕ್ಕಿದ್ದಂತೆ, "ಇದೀಯೇನಪ್ಪಾ?" ಎಂದರು.

"ಇದೀನಿ ಅಮ್ಮ."

"ನೀನಲ್ಲ. ಬೀಗದವನು."

ನಮ್ಮವರು ನನ್ನ ಮುಖ ನೋಡಿದರು. ನಾನು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟೆ. ಅವರು ಬ್ರಶ್ಶು ಕೆಳಗಿಟ್ಟು, ಕೈ ಒರೆಸಿಕೊಂಡು, ಅಮ್ಮನ ಎದುರಿಗೆ ಸ್ಟೂಲಿನ ಮೇಲೆ ಕೂತರು. "ಇದೀನಿ ಸಾರ್" ಎಂದರು. ಅದು ಅವರ ದನಿಯಲ್ಲ, ಆ ಬೆಂಚಿನವನ ದನಿ.

"ಸಾರ್ ಅಲ್ಲ. ಆ ಇನ್ಸ್‌ಪೆಕ್ಟರ್ ಎದ್ದು ಹೋದ. ಈಗ ಕೌಂಟರಲ್ಲಿ ನಾನಿದೀನಿ."

"ಹೇಳಿ ಅಮ್ಮಾ."

"ಅಂಗಡಿ ಚಿಂತೆ ಬಿಡು, ಮುಚ್ಚಿಸಿದೀನಿ. ನೀನು ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದೆ."

"ಹೌದಮ್ಮಾ. ಗಿರಾಕಿ ಅಂದ್ಕೊಂಡೆ. ಆದ್ರೆ ಅವನು ಯಾರು ಅಂತ ನನಗೆ ಗೊತ್ತಿಲ್ಲ."

"ಯಾರು ಕೊಂದ್ರು ಅಂತ ನಾನು ಕೇಳಿದ್ನಾ? ಅದನ್ನ ಕೇಳೋಕೆ ಊರು ತುಂಬ ಪೊಲೀಸರಿದಾರೆ." ಅತ್ತೆಯ ಕೈ ಕುರ್ಚಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದಿತ್ತು. "ಇಷ್ಟು ವರ್ಷ ಆ ಟಿವಿ ಮುಂದೆ ಕೂತು ಗುಂಡಿನ ಸದ್ದು ಕೇಳಿದೀನಿ. ಮೆಟ್ಟಿಲಿಂದ ಉರುಳಿದ ಸದ್ದು ಕೇಳಿದೀನಿ. ಎಲ್ಲರೂ ಅಳ್ತಾರೆ, ಪೊಲೀಸರು ಓಡಾಡ್ತಾರೆ. ನಿನ್ನ ಉಸಿರೂ ಕೇಳಲ್ಲ. ಕಣ್ಣಿರೋರಿಗೆ ಮುಖ ನೋಡಿದ್ರೆ ಗೊತ್ತಾಗುತ್ತೆ. ನನಗೆ ಹೇಗೋ ಗೊತ್ತಾಗಬೇಕು? ನೋವಾಯ್ತೇನೋ ನಿಂಗೆ?"

ನಮ್ಮವರು ಅಲುಗಲಿಲ್ಲ. ಎಲ್ಲಿ ಕೂತಲ್ಲೇ ಮತ್ತೆ ಉಸಿರು ನಿಲ್ಲಿಸಿಬಿಟ್ಟರೋ ಎಂದು ನಾನು ಅವರ ಎದೆಯನ್ನೇ ನೋಡಿದೆ. ಆಮೇಲೆ ಬಾಯಿ ತೆರೆದರು. ಬೀಗದವನ ದನಿ ಹೋಗಿ ಅವರದೇ ದನಿ ಬಂದಿತ್ತು.

"ಇಲ್ಲಮ್ಮ."

"ಒಂದ್ಸಲಾನೂ?"

"ಒಂದ್ಸಲಾನೂ ಇಲ್ಲ."

ಕಲ್ಲುನೆಲದ ಮೇಲೆ ಮಲಗಿ ಮಲಗಿ ಹಿಡಿದುಕೊಂಡ ಅವರ ಸೊಂಟಕ್ಕೆ ದಿನಾ ಎಣ್ಣೆ ತಿಕ್ಕುವವಳು ನಾನು. ಮೆಟ್ಟಿಲ ಅಂಚಿನ ಮೇಲೆ ಮಲಗಿದ ಸಲ ಪಕ್ಕೆಲುಬಿಗೆ ಪಟ್ಟಿ ಸುತ್ತಿದವಳೂ ನಾನೇ. ಆದರೂ ನಾನು ಬಾಯಿ ಬಿಡಲಿಲ್ಲ. ಅತ್ತೆ ತಲೆ ವಾಲಿಸಿ ಆ ಉತ್ತರವನ್ನು ಎರಡು ಸಲ ತೂಗಿ ನೋಡಿದರು. ಅವರ ಕಿವಿಗೆ ಸುಳ್ಳು ಗೊತ್ತಾಗುತ್ತದೆ. ಗೊತ್ತಾಗಿಯೇ ಇರಬೇಕು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಸರಿ" ಎಂದರು. "ಹಾಗಾದ್ರೆ ಬಾಗಿಲು ತೆಗೆದಿದೀನಿ. ಆ ಬೀಗದವನನ್ನ ಎಬ್ಬಿಸಿ ಕಳಿಸಿಕೊಡು. ನೀನು ಇಲ್ಲೇ ಇರು."

ನಮ್ಮವರು ಸ್ಟೂಲಿನಿಂದ ಎದ್ದು ಬಂದು ಅಮ್ಮನ ಪಕ್ಕದಲ್ಲಿ ಕೂತರು.